ಮಗಳಿಗೆ ಎಲೆ, ಸೊಸೆಗೆ ಒಲೆ

ಶುಕ್ರವಾರ, ಮಧ್ಯಾಹ್ನದ ಊಟ ಮುಗಿಸಿ

ಅತ್ತಿಗೆಗೆ,

ಗೋಡೆಯ ಈಚೆ ಮನೆಯಿಂದ ನಿಮ್ಮ ನಾದಿನಿಯ ನಮಸ್ಕಾರಗಳು. ನಾವಿಬ್ಬರೂ ಮಾತು ಬಿಟ್ಟಿರುವುದು ನನಗೆ ಚೆನ್ನಾಗಿ ನೆನಪಿದೆ. ಆದರೆ ಮಾತು ಬಿಡುತ್ತೇವೆ ಅಂತ ಹಠ ಹಿಡಿದ ದಿನ ಕಾಗದದ ವಿಷಯವನ್ನು ನೀವೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಅಣ್ಣನ ಕೈಯಲ್ಲೇ ಕಳಿಸುತ್ತೇನೆ. ಪಾಪ, ಹೆಂಡತಿಯಿಂದಲೂ ತಂಗಿಯಿಂದಲೂ ಬೈಸಿಕೊಂಡು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದಾನೆ. ಓದಿ ಮುಗಿಸುವ ತನಕ ಇದನ್ನು ಒಲೆಗೆ ಹಾಕಬೇಡಿ, ಅಷ್ಟು ಸಾಕು.

ವಿಷಯ ಮುಲಾಮಿನದು. ಆ ಮೊಣಕಾಲು ಸಾಹೇಬ ನಿಮಗೆ ನೆನಪಿರಬೇಕು. ಒಂದೊಂದು ಮೆಟ್ಟಿಲಿಗೂ ಅಯ್ಯಯ್ಯೋ ಅನ್ನುತ್ತಿದ್ದವನು. ನಮ್ಮ ಜನರ ವಿಚಾರ ತಿಳಿದುಕೊಳ್ಳಬೇಕು ಅಂತ ಬಂದು, ನಿಮ್ಮ ಮನೆಯಲ್ಲಿ ಊಟ ಮಾಡಿ, ನಮ್ಮ ಮನೆಯಲ್ಲಿ ಚಹಾ ಕುಡಿದು, ನಾನು ಎಲೆ ತರಲು ಹೊರಟರೆ ನನ್ನ ಹಿಂದೆ, ನೀವು ಒಲೆ ಹಚ್ಚಿದರೆ ನೀವು ಕದ ಹಾಕುವ ತನಕ ನಿಮ್ಮ ಬಾಗಿಲಲ್ಲಿ ನಿಂತಿರುತ್ತಿದ್ದ. ನೀವು ಕರುಣೆ ಪಟ್ಟು ಅವನ ಮಂಡಿಗೆ ಹಚ್ಚಿದ್ದಲ್ಲದೆ ಒಂದು ಡಬ್ಬಿ ತುಂಬಿಸಿಯೂ ಕೊಟ್ಟಿರಿ. ಈಗ ಅವನ ಔಷಧಿ ಕಂಪನಿ ಆ ಡಬ್ಬಿಯನ್ನು ಪರೀಕ್ಷೆಗೆ ಹಾಕಿ, ಈ ಮುಲಾಮನ್ನು ಕಂಡುಹಿಡಿದವರು ನಾವೇ ಅಂತ ಪೇಟೆಂಟಿಗೆ ಅರ್ಜಿ ಕೊಟ್ಟಿದೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ನಮ್ಮ ಪರವಾಗಿ ತಕರಾರು ಹಾಕಿರುವ ವಕೀಲಮ್ಮ ಒಳ್ಳೆ ಚುರುಕಿನ ಹೆಂಗಸು. ಚಪ್ಪಲಿ ಮಾತ್ರ ಸದಾ ಕಿತ್ತುಹೋಗಿರುತ್ತದೆ. ಅವರು ನನಗೆ ಬಿಡಿಸಿ ಹೇಳಿದರು. "ಅವರಿಗೆ ಹಕ್ಕು ಸಿಕ್ಕಿಬಿಟ್ರೆ, ನಾಳೆ ನೀವು ಮುಲಾಮು ಮಾಡಿ ಸಂತೇಲಿ ಮಾರೋಕೆ ಅವರನ್ನೇ ಕೇಳ್ಬೇಕಾಗುತ್ತೆ. ಕೇಳದೆ ಮಾರಿದ್ರೆ ನೀವೇ ಕಳ್ಳರು." ಅಜ್ಜಿಯ ಅಜ್ಜಿಯಿಂದ ಬಂದದ್ದು ಅತ್ತಿಗೆ! ಕೇಳಿ ನನಗೆ ಮೈಯೆಲ್ಲ ಉರಿಯಿತು.

ನಿನ್ನೆ ಪೇಟೆಂಟ್ ಕಚೇರಿಯಲ್ಲಿ ವಿಚಾರಣೆ ಇತ್ತು. ನಾನು ನೀಲಿ ಸೀರೆ ಉಟ್ಟು ಹೋಗಿದ್ದೆ. ನೀವು ಕಿಟಕಿಯಿಂದ ನೋಡಿದ್ದೂ ಗೊತ್ತು, ಸೆರಗು ಗಿಡ್ಡವಾಯಿತು ಅಂದುಕೊಂಡದ್ದೂ ಗೊತ್ತು. ಕೋಣೆಯಲ್ಲಿ ಉದ್ದನೆಯ ಮೇಜು, ಕಿರುಗುಟ್ಟುವ ಫ್ಯಾನು. ಆಚೆ ಬದಿ ಮೊಣಕಾಲು ಸಾಹೇಬ ತನ್ನ ವಕೀಲರ ಜೊತೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮಂಡಿ ಪೂರ್ತಿ ವಾಸಿಯಾಗಿದೆ! ಯಾರ ಮುಲಾಮಿನಿಂದ ಅಂತ ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು, ವಕೀಲಮ್ಮ ಮೊಣಕೈಯಿಂದ ತಿವಿದರು. ಕಂಪನಿಯ ಟ್ಯೂಬನ್ನು ನನ್ನ ಕೈಗೂ ಕೊಟ್ಟರು. ಒಳಗಿರುವುದು ನಮ್ಮದೇ, ಮೇಲೆ ಗುಲಾಬಿ ವಾಸನೆ ಬೆರೆಸಿದ್ದಾರೆ. ನಮ್ಮ ಮುಲಾಮು ಹಚ್ಚಿಕೊಂಡರೆ ಪಕ್ಕದ ಬೀದಿಯವರಿಗೂ ಗೊತ್ತಾಗಬೇಡವೇ? ಗುಲಾಬಿಯಂತೆ ಗುಲಾಬಿ!

ಅಧಿಕಾರಿ ವಯಸ್ಸಾದವರು, ಸಾವಧಾನದ ಮನುಷ್ಯ. "ಇದು ನಿಮ್ಮ ಜನರದ್ದು ಅಂತೀರಿ. ಹಾಗಾದ್ರೆ ಮಾಡೋ ವಿಧಾನ ಪೂರ್ತಿ ಯಾರು ಹೇಳ್ತೀರಿ?" ಅಂದರು.

ನಾನು ಎದ್ದು ನಿಂತೆ. "ಅರ್ಧ ನಾನು ಹೇಳ್ತೀನಿ ಸಾರ್. ಇನ್ನರ್ಧ ನಮ್ಮತ್ತಿಗೇದು."

"ಅವರೆಲ್ಲಿ?"

"ಮನೇಲಿದಾರೆ. ನಾವು ಮಾತು ಬಿಟ್ಟಿದೀವಿ."

ಟೈಪು ಮಾಡುತ್ತಿದ್ದ ಗುಮಾಸ್ತೆಯ ಕೈ ನಿಂತಿತು. "ಇದನ್ನೂ ಬರ್ಕೊಳ್ಲಾ ಸಾರ್?" ಅಂತ ಕೇಳಿದಳು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು.

ಯಾಕೆ ಅರ್ಧರ್ಧ ಅಂತ ಕೇಳಿದರು. ಅಜ್ಜಿ ಹೇಳುತ್ತಿದ್ದುದನ್ನೇ ನಾನು ಹೇಳಿದೆ. ನಮ್ಮಲ್ಲಿ ಮಗಳಿಗೆ ಎಲೆ, ಸೊಸೆಗೆ ಒಲೆ. ಯಾವ ಎಲೆ, ಎಲ್ಲಿಯದು, ಯಾವಾಗ ಕೊಯ್ಯಬೇಕು ಅನ್ನುವುದು ಮನೆಮಗಳಿಗೆ ಸೇರಿದ್ದು. ಕಾಯಿಸಿ ಇಳಿಸುವುದು ಸೊಸೆಗೆ ಸೇರಿದ್ದು. ಮದುವೆಯಾಗಿ ಹೋದ ಮಗಳನ್ನು ಮನೆ ಮರೆಯಬಾರದು, ಬಂದ ಸೊಸೆಯನ್ನು ಯಾರೂ ಹೊರಗೆ ಹಾಕಬಾರದು. ಮುಲಾಮು ಬೇಕಾದರೆ ಇಬ್ಬರನ್ನೂ ಚೆನ್ನಾಗಿ ನೋಡಿಕೊಳ್ಳಬೇಕು. ಇದನ್ನು ಕೇಳಿ ಗುಮಾಸ್ತೆ ಯಾರೂ ಹೇಳದೆಯೇ ಬರೆದುಕೊಂಡಳು. ಅವಳಿಗೂ ಅತ್ತೆ ಇರಬೇಕು.

ಕಂಪನಿಯ ವಕೀಲರು ನಕ್ಕರು. "ಅರ್ಧ ಗೊತ್ತಿರೋರು ಪೂರ್ತಿಗೆ ಹೇಗೆ ವಾರಸುದಾರರಾಗ್ತಾರೆ? ಇವರು ಮರೆತುಬಿಟ್ಟಿದಾರೆ, ನಮ್ಮವರು ಕಣ್ಣಾರೆ ಕಂಡು ಉಳಿಸಿದಾರೆ" ಅಂದರು. ನಮ್ಮ ವಕೀಲಮ್ಮ ಸುಮ್ಮನಿರುತ್ತಾರೆಯೇ? ಕಂಡ ಮಾತ್ರಕ್ಕೆ ಕೇಳಿದ ಹಾಗಾಗುವುದಿಲ್ಲ, ಒಂದು ಜನದ ತಿಳಿವಳಿಕೆಯನ್ನು ಬಳಸುವ ಮೊದಲು ಆ ಜನದ ಒಪ್ಪಿಗೆ ಬೇಕು, ಅದನ್ನು ಯಾರು ಕೊಡಬೇಕು ಅನ್ನುವುದು ಆ ಜನರ ಕಟ್ಟಳೆಯಂತೆಯೇ ನಡೆಯಬೇಕು, ಕಾನೂನೇ ಹಾಗೆ ಹೇಳುತ್ತದೆ ಅಂತ ಮೇಜು ಕುಟ್ಟಿ ಹೇಳಿದರು. ಅಧಿಕಾರಿ ಒಪ್ಪಿದರು. ಆದರೆ ಎರಡೂ ಅರ್ಧ ಅವರ ಕಿವಿಗೆ ಬೀಳಲೇಬೇಕಂತೆ. ಆಗಲೇ ನಮ್ಮ ಮುಲಾಮೂ ಕಂಪನಿಯದೂ ಒಂದೇ ಎಂದು ತಾಳೆ ನೋಡಲು ಸಾಧ್ಯ. ಕದ ಹಾಕಿದ ಕೋಣೆಯಲ್ಲಿ ಅವರೊಬ್ಬರೇ ಕೇಳುತ್ತಾರೆ. ಬರೆದುಕೊಂಡದ್ದಕ್ಕೆ ಮೊಹರು ಹಾಕಿ ಬೀಗದೊಳಗಿಡುತ್ತಾರೆ. ಕಂಪನಿಯವರಿಗೆ ಒಂದಕ್ಷರ ಕಾಣಿಸುವುದಿಲ್ಲ. ನಾನು ನಿಮ್ಮ ಅರ್ಧ ಕೇಳಬೇಕಾಗಿಲ್ಲ, ನೀವು ನನ್ನದು ಕೇಳಬೇಕಾಗಿಲ್ಲ. ಬರುವ ಗುರುವಾರಕ್ಕೆ ವಾಯಿದೆ ಕೊಟ್ಟಿದ್ದಾರೆ. ಅಂದು ಎರಡನೆಯ ಅರ್ಧ ಬರದಿದ್ದರೆ ನಮ್ಮ ತಕರಾರು ಬಿದ್ದುಹೋಗುತ್ತದೆ.

ಇನ್ನು ನಮ್ಮ ಜಗಳದ ವಿಷಯ. ಆ ಸಲದ ಮುಲಾಮು ಒಡೆದು ನೀರು ನೀರಾದಾಗ ನೀವು ನನ್ನ ಎಲೆ ಬಾಡಿತ್ತು ಅಂದಿರಿ. ನಾನು ಕುಣಿಯಲಾರದವಳಿಗೆ ನೆಲ ಡೊಂಕು ಅಂದೆ. ನನ್ನ ಎಲೆ ಸರಿಯಾಗಿಯೇ ಇತ್ತು, ಇದನ್ನು ಸಾಯುವ ತನಕ ಹೇಳುತ್ತೇನೆ. ಆದರೆ ರಾತ್ರಿಯೆಲ್ಲ ಯೋಚಿಸಿದಾಗ ಒಂದು ಹೊಳೆಯಿತು. ಎಣ್ಣೆ ತಂದವರು ಯಾರು? ಅಣ್ಣ! ತಪ್ಪನ್ನು ಅವನ ತಲೆಗೆ ಕಟ್ಟಿದರೆ ನಿಮಗೂ ಮರ್ಯಾದೆ, ನನಗೂ ಮರ್ಯಾದೆ. ಅವನಿಗೇನು, ಅಭ್ಯಾಸವಾಗಿದೆ. (ಅಣ್ಣಾ, ದಾರಿಯಲ್ಲಿ ಕದ್ದು ಓದುತ್ತಿದ್ದರೆ ಬೇಜಾರು ಮಾಡಿಕೊಳ್ಳಬೇಡ.)

ಬಸ್ಸು ಬೆಳಿಗ್ಗೆ ಎಂಟಕ್ಕೆ. ನಡುವೆ ಅಣ್ಣನನ್ನು ಕೂರಿಸಿಕೊಳ್ಳೋಣ, ನೀವು ನನ್ನ ಮುಖ ನೋಡಬೇಕಾಗಿಲ್ಲ. ಇನ್ನೊಂದು ಕಾರಣಕ್ಕೂ ನೀವು ಬೇಕು. ಗೆದ್ದರೆ ಕಂಪನಿ ರಾಜಿಗೆ ಬರಬಹುದಂತೆ. ಅವರು ಮುಲಾಮು ಮಾಡಬಹುದೇ, ಮಾಡಿದರೆ ಯಾರ ಹೆಸರಿನಲ್ಲಿ, ನಮ್ಮ ಜನಕ್ಕೆ ಅದರಲ್ಲಿ ಏನು ಪಾಲು ಅಂತ ಆಗ ನಾವೇ ಷರತ್ತು ಹೇಳಬೇಕು. ನನಗೆ ಚೌಕಾಸಿ ಬರುವುದಿಲ್ಲ. ತರಕಾರಿಯವನು ನನ್ನನ್ನು ಕಂಡರೆ ಬೆಲೆ ಏರಿಸುತ್ತಾನೆ, ನಿಮ್ಮನ್ನು ಕಂಡರೆ ಕೈ ಮುಗಿಯುತ್ತಾನೆ. ಬರುವುದಾದರೆ ಗೋಡೆಗೆ ಎರಡು ಸಲ ಕುಟ್ಟಿ. ಅದು ಮಾತಾಡಿದ ಲೆಕ್ಕಕ್ಕೆ ಬರುವುದಿಲ್ಲ.

ನಿಜ ಹೇಳಲೇ ಅತ್ತಿಗೆ, ಮದುವೆಯಾಗಿ ನಾನು ದಾಟಿದ್ದು ಈ ಒಂದು ಗೋಡೆಯನ್ನು ಮಾತ್ರ. ತವರು ಇಷ್ಟು ಹತ್ತಿರ ಅಂತ ಎಲ್ಲರೂ ಹೊಟ್ಟೆಕಿಚ್ಚು ಪಡುತ್ತಿದ್ದರು. ಈಗ ನೀವು ಆಚೆ ಕೆಮ್ಮಿದರೆ ಕಷಾಯ ಕುಡಿದಿರಾ ಅಂತ ಕೇಳಲಾಗದೆ ಇಲ್ಲಿ ಹೊಲಿಗೆ ಮಿಷನ್ನು ಜೋರಾಗಿ ತುಳಿಯುತ್ತೇನೆ. ನೀವಿಲ್ಲದೆ ನನಗೆ ಬೇಸರವಾಗಿದೆ. ಜಗಳವಾಡಲಿಕ್ಕೂ ಬೇರೆ ಯಾರೂ ಸರಿಹೋಗುತ್ತಿಲ್ಲ.

ಇಂತಿ,
ಎಲೆಯ ವಿಷಯದಲ್ಲಿ ಇವತ್ತಿಗೂ ಸೋಲದ
ನಿಮ್ಮ ನಾದಿನಿ

ತಾ.ಕ.: ಬರೆಯುವುದೋ ಬೇಡವೋ ಅಂತ ಬಹಳ ಹೊತ್ತು ಕೂತಿದ್ದೆ. ನಿನ್ನೆ ಹೊರಗೆ ಬಂದ ಮೇಲೆ ವಕೀಲಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ನಿಜ ಹೇಳಿ, ನಿಮ್ಮತ್ತಿಗೆ ಅರ್ಧನೂ ನಿಮಗೆ ಗೊತ್ತು ತಾನೆ? ಎರಡೂ ನೀವೇ ಹೇಳಿಬಿಟ್ರೆ ಅವರನ್ನ ಕಾಯೋದೇ ಬೇಡ" ಅಂದರು. ಬಸ್ಸು ಬಂತು ಅಂತ ಓಡಿಬಿಟ್ಟೆ. ಗೊತ್ತು ಅತ್ತಿಗೆ. ನೀವು ಹೊಸ ಸೊಸೆಯಾಗಿ ಬಂದಾಗ ಅಮ್ಮ ಕದ ಹಾಕಿ ನಿಮಗೆ ಕಲಿಸಿದಳಲ್ಲ, ಆಗ ನಾನು ಅಟ್ಟದ ಮೇಲೆ ಬೆಕ್ಕಿನ ಮರಿ ಹುಡುಕುತ್ತಿದ್ದೆ. ಕುದಿ ಬಂದ ಮೇಲೆ ಏನು ಹಾಕುತ್ತೀರಿ, ಯಾವ ಬಣ್ಣಕ್ಕೆ ಇಳಿಸುತ್ತೀರಿ, ಎಲ್ಲ ಗೊತ್ತು. ಇವತ್ತಿನ ತನಕ ಯಾರಿಗೂ ಹೇಳಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ. ಮೊಣಕಾಲು ಸಾಹೇಬ ಬಾಗಿಲಲ್ಲಿ ನಿಂತು ಒಂದಿಷ್ಟು ಕಂಡು ತನ್ನದು ಅಂದ. ನಾನು ಪೂರ್ತಿ ಕಂಡಿದ್ದೇನೆ, ಆದರೂ ಅದು ನಿಮ್ಮದು. ಗುರುವಾರ ನೀವು ಬರದಿದ್ದರೆ ನನ್ನ ಅರ್ಧ ಹೇಳಿ, ಸೋತು, ಮನೆಗೆ ಬರುತ್ತೇನೆ.