ಕಾದಂಬರಿಯ ಉಳಿದರ್ಧ

ಪಂದೆಲಿಸ್,

ನೀನು ಏಳುವವರೆಗೆ ಕಾಯಲು ಆಗಲಿಲ್ಲ. ಗಾಳಿ ಎದ್ದಿದೆ, ಹಡಗು ಬಿಡುತ್ತದೋ ಇಲ್ಲವೋ ಗೊತ್ತಿಲ್ಲ. ಮನೆಯಲ್ಲಿ ಶತಪಥ ಹಾಕುವ ಬದಲು ಪಿರೇಯಸ್ ಬಂದರಿನಲ್ಲೇ ಹಾಕುತ್ತೇನೆ.

ಹುರುಳಿಕಾಯಿ ಪಲ್ಯ ಫ್ರಿಜ್‌ನಲ್ಲಿದೆ. ಬಿಸಿ ಮಾಡಿಕೊಂಡು ತಿನ್ನು, ತಣ್ಣಗಿದ್ದದ್ದನ್ನೇ ನುಂಗಬೇಡ. ಬಾಲ್ಕನಿಯ ಕಾಮಕಸ್ತೂರಿ ಗಿಡಕ್ಕೆ ಸಂಜೆ ನೀರು ಹಾಕು.

ನೀನು ಕೊಟ್ಟ ಇ-ಬುಕ್ ರೀಡರ್ ಒಳ್ಳೆಯದೇ, ಒಪ್ಪಿದೆ. "ಊರಿಗೆ ಹೋಗೋರಿಗೆ ಇದಕ್ಕಿಂತ ಇನ್ನೇನೇ ಬೇಕು, ಹೊರೋದು ತಪ್ತು" ಅಂದೆಯಲ್ಲ, ನಿಜ. ಅಕ್ಷರ ದೊಡ್ಡದು ಮಾಡಿದರೆ ಅಮ್ಮನೂ ಓದಬಹುದು. ಆದರೆ ಅದನ್ನು ಸೀಳಿ ಇಬ್ಬರೂ ಹಂಚಿಕೊಳ್ಳಲು ಬರುತ್ತದೆಯೇ? ಮದುವೆಯಾದಾಗಿನಿಂದ ದಪ್ಪ ಪುಸ್ತಕಗಳನ್ನೆಲ್ಲ ನಾವು ಓದಿದ್ದು ಹಾಗೆ. ನಾನು ಓದಿದಷ್ಟನ್ನು ಕಿತ್ತು ಕೊಡುವುದು, ನೀನು ಹಿಂದಿನಿಂದ ತೆವಳಿಕೊಂಡು ಬರುವುದು.

ಅದಕ್ಕೇ ಈ ಸಲ ತಂದ ಪತ್ತೇದಾರಿ ಕಾದಂಬರಿಯನ್ನೂ ಸೀಳಿದ್ದೇನೆ. ಮೊದಲರ್ಧ ನಿನ್ನ ಕಾಫಿ ಲೋಟದ ಪಕ್ಕದಲ್ಲಿದೆ. ಉಳಿದರ್ಧ ನನ್ನ ಚೀಲದಲ್ಲಿದೆ. ರೀಡರ್ ಹುಡುಕಬೇಡ. ಅದರಲ್ಲೂ ಅದೇ ಕಾದಂಬರಿ ತುಂಬಿಸಿಟ್ಟಿದ್ದೀಯ, ನೋಡಿದೆ. ಅದೂ ನನ್ನ ಜೊತೆಗೇ ಬರುತ್ತಿದೆ.

ನನ್ನ ತಮ್ಮನ ಮೇಲಿನ ಸಿಟ್ಟಿಗೆ ನೀನು ನನ್ನ ತವರಿನ ದ್ವೀಪಕ್ಕೆ ಬರದೆ ಎರಡು ಬೇಸಿಗೆ ಆಯಿತು. ಪಗಡೆಯಲ್ಲಿ ಅವನು ಮೋಸ ಮಾಡಿದ್ದು ಹೌದು. ಮಣೆಯನ್ನು ಸಮುದ್ರಕ್ಕೆ ಎಸೆದವನು ನೀನು. ಫೋನ್ ಮಾಡಿದಾಗಲೆಲ್ಲ "ಭಾವ ಬರ್ತಾರೇನಕ್ಕ?" ಅಂತ ಅವನೇ ಕೇಳುತ್ತಾನೆ. ಹೊಸ ಮಣೆ ತಂದಿಟ್ಟಿದ್ದಾನಂತೆ.

ಶನಿವಾರವೂ ಹಡಗಿದೆ. ಕೊಂದವರು ಯಾರು ಅಂತ ಗೊತ್ತಾಗಬೇಕಾದರೆ ಬಾ.

ಸ್ಟಮಾಟಿಯಾ