ನಲವತ್ತಾರನೇ ಬಾಟಲಿ

ಬುಧವಾರ, ಊಟದ ಬಿಡುವು

ನನ್ನ ಬಾಯಿಬಡುಕಿ ಮಗಳಿಗೆ,

ಅಪ್ಪನ ಆಶೀರ್ವಾದ. ಫೋನಿನಲ್ಲಿ ಹೇಳಹೋದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನೂ ಅದೇ ನೆಪ ಮಾಡಿಕೊಂಡು ಸುಮ್ಮನಾಗುತ್ತೇನೆ. ಅದಕ್ಕೇ ಈ ಕಾಗದ.

ನಿನ್ನ ಎಲೆಕ್ಟ್ರಾನಿಕ್ ಮೂಗು, ಅದಕ್ಕೆ ವಾಸನೆ ಕಲಿಸಲೆಂದು ನನ್ನ ಕೈಯಲ್ಲಿ ಮೂಸಿಸಿದ ಬಾಟಲಿಗಳಲ್ಲಿ ನಲವತ್ತಾರನೆಯದಕ್ಕೆ ಒಂದೇ ಸಮ ಬಡಕೊಳ್ಳುತ್ತಿದೆ, ಅಪ್ಪ ಮಾತ್ರ 'ವಾಸನೆ ಇಲ್ಲ' ಅಂತ ಗುರುತು ಹಾಕಿದ್ದಾರೆ, ಯಂತ್ರವೇ ತಪ್ಪಿರಬೇಕು ಅಂದೆಯಲ್ಲ. ಸೋಮವಾರ ಅದನ್ನು ನಮ್ಮ ಬಣ್ಣದ ಕಾರ್ಖಾನೆಯ ಟ್ಯಾಂಕ್ ಕೋಣೆಯಲ್ಲಿ ಕೂರಿಸುವ ಮೊದಲು ನನ್ನ ಗುರುತಿನಂತೆ ತಿದ್ದುತ್ತೀಯಂತೆ. ತಿದ್ದಬೇಡ. ಯಂತ್ರ ಸರಿಯಾಗಿದೆ. ಕೆಟ್ಟಿರುವುದು ನನ್ನ ಮೂಗು.

ಮೂರು ವರ್ಷವಾಯಿತು. ಮೊದಲು ಸೋಪಿನ ವಾಸನೆ ಹೋಯಿತು, ಆಮೇಲೆ ಕಾಫಿಯದು. ಹಾಳು ನೆಗಡಿ ಅಂದುಕೊಂಡೆ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆ ಕೋಣೆಗೆ ಹೋಗಿ, ಮೂಸಿ ನೋಡಿ, ಬಣ್ಣ ತೆಳುಮಾಡುವ ಥಿನ್ನರ್ ಸೋರಿ ಆವಿ ತುಂಬಿಲ್ಲ ಅಂತ ಸಹಿ ಹಾಕುವುದೇ ನನ್ನ ಕೆಲಸ. ಇಪ್ಪತ್ತೆಂಟು ವರ್ಷ 'ಮೂಗಪ್ಪ' ಅಂತ ಕರೆಸಿಕೊಂಡವನು ವಾಸನೆ ಬರುತ್ತಿಲ್ಲ ಅಂತ ಯಾವ ಮುಖ ಹೊತ್ತು ಹೇಳಲಿ?

ಹಾಗಾದರೆ ಮೊದಲೆರಡು ದಿನ ಯಂತ್ರಕ್ಕೂ ನನಗೂ ತಾಳೆಯಾದದ್ದು ಹೇಗೆ ಅಂತೀಯ. ನಿನ್ನ ಮುಖ ನೋಡಿ ಬರೆದೆ. ಮುಚ್ಚಳ ತೆಗೆಯುವಾಗ ನೀನು ಹುಬ್ಬು ಗಂಟಿಕ್ಕಿದರೆ 'ಇದೆ', ಸುಮ್ಮನೆ ಕೈಗೆ ಕೊಟ್ಟರೆ 'ಇಲ್ಲ'. ಮೂರನೇ ದಿನ ಯಾರೋ ಗದರಿಸಿದರೆಂದು ನೀನು ಮಾಸ್ಕ್ ಹಾಕಿಕೊಂಡು ಬಂದೆ. ಅಲ್ಲಿಂದಾಚೆಗೆ ನಾನು ಬರೆದದ್ದೆಲ್ಲ ಬರೀ ಅಂದಾಜು. ನಿನ್ನ ಸಾಹೇಬರ ಮುಂದೆ ನಮ್ಮಪ್ಪನೇ ಯಂತ್ರಕ್ಕೆ ಮೇಷ್ಟ್ರು ಅಂತ ಹೇಳಿದೆಯಲ್ಲ, ಆಗಲೇ ನಿಜ ಹೇಳಬೇಕಿತ್ತು. ಆದರೂ ಹಲ್ಲು ಬಿಟ್ಟುಕೊಂಡು ನಿಂತೆ.

ನನ್ನ ಪಟ್ಟಿ ಪೂರ್ತಿ ಹರಿದುಹಾಕು. ಲ್ಯಾಬಿನಲ್ಲಿ ಅಳೆಸಿ ಮತ್ತೆ ಮಾಡು, ಯಾರ ಕೈಯಲ್ಲೂ ಮೂಸಿಸಬೇಡ. ಮ್ಯಾನೇಜರಿಗೂ ಬರೆದುಕೊಟ್ಟಿದ್ದೇನೆ, ನಾಳೆಯಿಂದ ಆ ಕೋಣೆಗೆ ನನ್ನ ಸಹಿ ಇಲ್ಲ. ಬೈಯಬೇಕೆನಿಸಿದರೆ ಫೋನ್ ಮಾಡು, ಪೂರ್ತಿ ಕೇಳಿಸಿಕೊಳ್ಳುತ್ತೇನೆ. ನನಗೆ ನಾಚಿಕೆಯಾಗಿದೆ ಮಗಳೇ.

ಇಂತಿ,
ನಿನ್ನ ಅಪ್ಪ

ಮಡಚಿದ್ದ ಕಾಗದ ಮತ್ತೆ ಬಿಚ್ಚಿದೆ. ಹೋದ ವರ್ಷ ನಿನ್ನ ಸೋದರಮಾವ ಟ್ಯಾಂಕ್ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಮೆಟ್ಟಿಲ ಮೇಲಿಂದ ಬಿದ್ದನಲ್ಲ, ತಿಂಡಿ ತಿನ್ನದೆ ಬಂದದ್ದಕ್ಕೇ ಹಾಗಾಯಿತು ಅಂತ ಎಲ್ಲರೂ ಅವನನ್ನೇ ಬೈದರು, ನಿಮ್ಮಮ್ಮನೂ. ಕೋಲು ಹಿಡಿದು ನಡೆಯುವಾಗಲೂ ಅವನು ಅದನ್ನೇ ನಂಬಿದ್ದಾನೆ. ಆ ಮಾತು ಮೊದಲು ಆಡಿದವನು ನಾನು. ಅವತ್ತು ಬೆಳಿಗ್ಗೆಯ ಸಹಿಯೂ ನನ್ನದೇ. ಇದನ್ನು ಕೊರಿಯರಿಗೆ ಕೊಟ್ಟು ನೆಟ್ಟಗೆ ಅವನ ಮನೆಗೆ ಹೋಗುತ್ತಿದ್ದೇನೆ.