ಮಂಗಳವಾರದ ಉಸಿರು

ಟ್ರೆಂಬ್ಲೆ ಮೇಡಂ ಅವರಿಗೆ,

ವರ್ನ್ ಪುಲ್ಕಿನೆನ್ ಬರೆಯೋದು. ತಪ್ಪಿದ್ದರೆ ಬೇಜಾರು ಮಾಡ್ಕೋಬೇಡಿ, ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು.

ಕುಡಿದು ಓಡಿಸಿದ್ದಕ್ಕೆ ಜೈಲಿನ ಬದಲು ನನ್ನ ಮೇಲೆ ನಿಗಾ ಇಡೋ ನೀವು ಕೌಂಟಿ ಕೋರ್ಟಿನವರು ನನ್ನ ಪಿಕಪ್ಪಿಗೆ ಯಂತ್ರ ಹಾಕಿಸಿದ್ದೀರಲ್ಲ, ಊದಿದ ಉಸಿರಲ್ಲಿ ಹೆಂಡ ಇಲ್ಲದಿದ್ದರೇ ಗಾಡಿ ಶುರುವಾಗೋದು. ಎಪ್ಪತ್ತು ದಿನ ಒಂದೂ ತಪ್ಪಿಲ್ಲ ಅಂತ ಮೊನ್ನೆ ನೀವು ಶಭಾಶ್ ಅಂದಿರಿ. ಮಂಗಳವಾರದ ಉಸಿರು ನನ್ನದಲ್ಲ ಮೇಡಂ. ನಾನು ಕುಡಿದಿದ್ದೆ. ಊದಿದ್ದು ಮಗಳು ಐಲಾ, ಹನ್ನೊಂದು ವರ್ಷದವಳು. ಶಾಲೆ ಬಸ್ಸು ತಪ್ಪಿತ್ತು. ಯಂತ್ರ ಒಪ್ಪಬೇಕಾದ್ರೆ ಊದುತ್ತಾ ಗುಂಯ್ ಅನ್ನಬೇಕಲ್ಲ, ಅದನ್ನೂ ನಾನೇ ಹೇಳಿಕೊಟ್ಟೆ.

"ನಿಂಗಿಂತ ನಾನೇ ಚೆನ್ನಾಗಿ ಊದ್ತೀನಪ್ಪಾ," ಅಂತ ನಕ್ಕಳು.

ಜೈಲು ಅಂತ ಗೊತ್ತು. ಅವಳ ಮೇಲೂ ಕೇಸಾಗುತ್ತಾ ಅನ್ನೋದೊಂದೇ ಯೋಚನೆ. ದಯವಿಟ್ಟು ಅವಳ ಹೆಸರು ಎಲ್ಲೂ ಬರೀಬೇಡಿ. ನಮ್ಮಕ್ಕ ಸಿಲ್ವಿ ಅವಳನ್ನ ನೋಡ್ಕೋತಾಳೆ. ನನ್ನನ್ನ ಕರ್ಕೊಂಡು ಹೋಗೋಕೆ ಬರೋರು ಏಳೂವರೆ ಮೇಲೆ ಬರಲಿ, ಅಷ್ಟೊತ್ತಿಗೆ ಅವಳು ಶಾಲೆ ಬಸ್ಸು ಹತ್ತಿ ಹೋಗಿರ್ತಾಳೆ.

ನೀವು ಕೇಳ್ತೀರಿ, ಯಾರಿಗೂ ಗೊತ್ತಾಗಿರಲಿಲ್ಲ, ಯಾಕೆ ಹೇಳ್ದೆ ಅಂತ. ಇವತ್ತು ಬೆಳಿಗ್ಗೆ ನಾನು ಒಂದು ಹನಿಯೂ ಕುಡಿದಿರಲಿಲ್ಲ. ಆದರೂ ಬಸ್ ಸ್ಟಾಪಿಗೆ ಬಿಡೋಕೆ ಹೊರಟರೆ ಅವಳು ಗಾಡಿ ಹತ್ತಿದವಳೇ ಬ್ಯಾಗು ಕೆಳಗಿಟ್ಟು, "ಅಪ್ಪಾ, ನಾನು ಊದ್ಲಾ?" ಅಂದಳು.

ಪಿಕಪ್ಪಿನ ಕೀಲಿ ಈ ಲಕೋಟೆಯಲ್ಲೇ ಇಟ್ಟಿದ್ದೀನಿ.

ಇಂತಿ,
ವರ್ನ್